ಹುತ್ತದ ಅಣಬೆ

ಹುತ್ತದ ಅಣಬೆ ಎಂಬುದು ಟರ್ಮಿಟೊಮೈಸಿಸ್ ಕುಲಕ್ಕೆ ಸೇರಿದ, ತಿನ್ನಲು ಯೋಗ್ಯವಾದ ಕಾಡು ಅಣಬೆಗಳಿಗಿರುವ ಸಾಮಾನ್ಯ ಹೆಸರು. ಇವು ಆಫ್ರಿಕಾ ಮತ್ತು ಏಷ್ಯಾ ಖಂಡಗಳ ಉಷ್ಣ ಪ್ರದೇಶಗಳಲ್ಲಿ ಗೆದ್ದಲಿನ ಗೂಡುಗಳಿಂದ ಮಾತ್ರ ಹುಟ್ಟುತ್ತವೆ. ಮಲೆನಾಡಿನ ಹೆಗ್ಗಾಲಣಬೆ ಇವುಗಳಲ್ಲೊಂದು. ತುಳುವಿನಲ್ಲಿ ಅಣಬೆಯನ್ನು ಅಲಂಬು ಎಂದೂ ಕೊಡವ ಭಾಷೆಯಲ್ಲಿ ಕುಮ್ಮು ಎಂದೂ ಕರೆಯುತ್ತಾರೆ. ಫ್ರಾನ್ಸಿನ ಶಿಲೀಂಧ್ರ ವಿಜ್ಞಾನಿ ರೋಜೆ ಹೈಮ್ 1942ರಲ್ಲಿ ಈ ಕುಲಕ್ಕೆ ಹೆಸರಿಟ್ಟರು.

ಗೆದ್ದಲಿನೊಡನೆ ಸಹಜೀವನ

ಎಲ್ಲ ಗೆದ್ದಲುಗಳೂ ಅಣಬೆ ಬೆಳೆಸುವುದಿಲ್ಲ; ಮ್ಯಾಕ್ರೊಟರ್ಮಿಟಿನೆ ಉಪಕುಟುಂಬದವು ಮಾತ್ರ ಬೆಳೆಸುತ್ತವೆ. ಕೆಲಸಗಾರ ಗೆದ್ದಲುಗಳು ಒಣಕಟ್ಟಿಗೆ, ತರಗೆಲೆಗಳನ್ನು ಶಿಲೀಂಧ್ರದ ಬೀಜಾಣುಗಳೊಂದಿಗೆ ತಿಂದು, ಪೂರ್ತಿ ಜೀರ್ಣವಾಗದ ಹಿಕ್ಕೆಯಿಂದ ಗೂಡಿನೊಳಗೆ ಸ್ಪಂಜಿನಂತಹ ರಚನೆಯನ್ನು ಕಟ್ಟುತ್ತವೆ. ಇದೇ ಅವುಗಳ ತೋಟ. ಗೆದ್ದಲಿಗೆ ಸುಲಭವಾಗಿ ಜೀರ್ಣವಾಗದ ಲಿಗ್ನಿನ್‌ನಂತಹ ಅಂಶಗಳನ್ನು ಶಿಲೀಂಧ್ರವು ವಿಭಜಿಸುತ್ತದೆ. ತೋಟದ ಮೇಲೆ ಮೂಡುವ ಬಿಳಿಯ ಗಂಟುಗಳೂ ಹಳೆಯದಾದ ತೋಟದ ಭಾಗಗಳೂ ಗೆದ್ದಲಿನ ಆಹಾರ. ಈ ಸಂಬಂಧ ಸುಮಾರು 3 ಕೋಟಿ ವರ್ಷ ಹಳೆಯದೆಂದು ಅಂದಾಜಿಸಲಾಗಿದೆ. ಮನುಷ್ಯನ ಬೇಸಾಯಕ್ಕೆ ಹತ್ತು ಸಾವಿರ ವರ್ಷಗಳಷ್ಟೇ ಇತಿಹಾಸವಿರುವುದನ್ನು ಇಲ್ಲಿ ನೆನೆಯಬಹುದು.

ಲಕ್ಷಣಗಳು

ಮಳೆ ಬಿದ್ದು ನೆಲ ನೆನೆದಾಗ ಅಣಬೆಯು ಮಣ್ಣನ್ನು ಸೀಳಿಕೊಂಡು ಮೇಲೇಳುತ್ತದೆ. ಹೆಚ್ಚಿನ ಪ್ರಭೇದಗಳಲ್ಲಿ ದಂಟಿನ ಬುಡವು ಬೇರಿನಂತೆ ಉದ್ದವಾಗಿ ಇಳಿದು ನೆಲದಡಿಯ ತೋಟವನ್ನು ಮುಟ್ಟಿರುತ್ತದೆ. ಕೊಡೆಯ ನಡುವೆ ಮೊನಚಾದ ಉಬ್ಬು ಇರುವುದುಂಟು. ಬೀಜಾಣುಗಳ ಪುಡಿ ನಸುಗುಲಾಬಿ ಬಣ್ಣದ್ದು. ಗಾತ್ರದಲ್ಲಿನ ಅಂತರ ಬೆರಗು ಹುಟ್ಟಿಸುವಂಥದು: ಟರ್ಮಿಟೊಮೈಸಿಸ್ ಮೈಕ್ರೊಕಾರ್ಪಸ್‌ನ ಕೊಡೆ ಒಂದೆರಡು ಸೆಂಟಿಮೀಟರ್ ಅಗಲವಿದ್ದರೆ, ಆಫ್ರಿಕಾದ ಟರ್ಮಿಟೊಮೈಸಿಸ್ ಟೈಟಾನಿಕಸ್‌ನದು 1 ಮೀಟರ್‌ವರೆಗೆ ಹರಡಬಲ್ಲದು.

ಹುಲ್ಲುನೆಲದಲ್ಲಿ ಬೆಳೆಯುವ ಕ್ಲೋರೊಫಿಲಮ್ ಮೊಲಿಬ್ಡೈಟಿಸ್ ಎಂಬ ವಿಷದ ಅಣಬೆಯನ್ನು ಇದೆಂದು ಭ್ರಮಿಸುವ ಅಪಾಯವಿದೆ. ಅದರ ದಂಟಿಗೆ ಉಂಗುರವಿರುತ್ತದೆ. ಬಲಿತಾಗ ಕೊಡೆಯಡಿಯ ಪದರಗಳು ಹಸಿರಾಗುತ್ತವೆ. ಆದರೆ ಎಳೆಯದರಲ್ಲಿ ಆ ಪದರಗಳೂ ಬಿಳಿಯಾಗಿಯೇ ಇರುವುದರಿಂದ ಬಣ್ಣವೊಂದನ್ನೇ ನಂಬುವಂತಿಲ್ಲ. ಬೇಯಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆಯೂ ತಪ್ಪು.

ಅಡುಗೆಯಲ್ಲಿ

ಮಾಂಸವನ್ನು ಹೋಲುವ ರುಚಿ ಮತ್ತು ನಾರಿನ ಹದಕ್ಕಾಗಿ ಈ ಅಣಬೆಗೆ ಬೇಡಿಕೆ ಹೆಚ್ಚು. ಮಲೆನಾಡು, ಕೊಡಗು, ಕರಾವಳಿಗಳಲ್ಲಿ ಸಾರು, ಪಲ್ಯ, ಗಸಿಗಳಿಗೆ ಬಳಸುತ್ತಾರೆ. ಬೇಗ ಅರಳಿ ಹುಳು ಹಿಡಿಯುವುದರಿಂದ ಮೊಗ್ಗಾಗಿರುವಾಗಲೇ ಕಿತ್ತು ಅಂದೇ ಬೇಯಿಸುವುದು ವಾಡಿಕೆ.

ಕೃಷಿ ಮತ್ತು ಸಂರಕ್ಷಣೆ

ಶಿಲೀಂಧ್ರದ ಎಳೆಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಬಹುದಾದರೂ, ಚಿಪ್ಪಣಬೆ ಅಥವಾ ಗುಂಡಣಬೆಯಂತೆ ಇದನ್ನು ಬೇಸಾಯ ಮಾಡುವುದು ರೂಢಿಗೆ ಬಂದಿಲ್ಲ. ಮಾರುಕಟ್ಟೆಗೆ ಬರುವುದು ಕಾಡಿನಿಂದ, ತೋಟದಂಚಿನಿಂದ ಆಯ್ದು ತಂದದ್ದು. ಕಿತ್ತ ಮೇಲೂ ಗೂಡು ಉಳಿದಿದ್ದರೆ ಮುಂದಿನ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಮತ್ತೆ ಏಳಬಹುದು. ಬುಡದ ಆಸೆಗೆ ನೆಲವನ್ನು ಆಳವಾಗಿ ಅಗೆದರೆ ತೋಟಕ್ಕೆ ಹಾನಿಯಾಗುತ್ತದೆ. ಗೆದ್ದಲನ್ನು ಬೆಳೆಯ ಶತ್ರುವೆಂದು ಕಂಡು ಹುತ್ತಕ್ಕೆ ಕೀಟನಾಶಕ ಸುರಿದು ಗೂಡನ್ನು ನಾಶಪಡಿಸಿದಲ್ಲಿ ಅದರ ಅಣಬೆಯೂ ಇಲ್ಲವಾಗುತ್ತದೆ.