ಎಕ್ಸ್‌ರೇ ಹೇಳಿದ ಬಾವಿಯ ಕತೆ



ನಾನು ಎಡಪ್ಪಾಡಿಯ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಧರ್ಮಪುರಿ ಕಡೆಯ ಕೆಲವು ರೈತರಿಗೆ ಕತ್ತು ತಿರುಗಿಸಲೂ ಆಗುತ್ತಿರಲಿಲ್ಲ. ವಯಸ್ಸಾಯಿತು ಎಂದುಕೊಂಡೆ. ಕುಡಿಯುವ ನೀರೂ ಕಾರಣವಾಗಬಹುದೆಂದು ಆಗ ತಿಳಿದಿರಲಿಲ್ಲ.

ಹಳೆಯ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗ ಮೊದಲು ಕಣ್ಣಿಗೆ ಬಿದ್ದದ್ದು ಎತ್ತುಗಳಲ್ಲಿ. 1930ರ ದಶಕದಲ್ಲಿ ಉಳುವ ಎತ್ತುಗಳು ಕೀಲು ಬಿಗಿದು ನಡೆಯಲಾರದೆ ಹೋದವು. 1937ರಲ್ಲಿ ಡಾಕ್ಟರ್ ಶಾರ್ಟ್ ಮತ್ತು ಸಂಗಡಿಗರು ಅಲ್ಲಿನ ಜನರಲ್ಲೂ ಇದನ್ನು ಗುರುತಿಸಿದರು. ಹೆಸರು ಫ್ಲೋರೋಸಿಸ್, ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಬರುವಂಥದ್ದು.

ರಾಂಟ್‌ಜೆನ್ 1895ರಲ್ಲಿ ಕಂಡುಹಿಡಿದ ಎಕ್ಸ್‌ರೇ ಇದಕ್ಕೆ ಸಾಕ್ಷಿ ಹೇಳುತ್ತದೆ. ಬೆನ್ನೆಲುಬು ಸುಣ್ಣ ಬಳಿದಂತೆ ದಟ್ಟ ಬಿಳಿಯಾಗಿ ಕಾಣುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯೂ ಗಟ್ಟಿಯಾಗಿರುತ್ತದೆ. ದನಗಳ ಕಾಲಿನ ಚಿತ್ರದಲ್ಲೂ ಮೂಳೆ ದಪ್ಪಗಾಗಿ ಗಂಟು ಕಟ್ಟಿರುತ್ತದೆ.

ಆದರೆ ಚಿತ್ರ ರೋಗವನ್ನು ತೋರಿಸೀತು, ವಾಸಿಮಾಡದು. ನೀರನ್ನೇ ಬದಲಿಸಬೇಕು. ಅದಕ್ಕೆಂದೇ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ನೀರು ಕೊಡುವ ಹೊಗೇನಕಲ್ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು.

ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ ಕಂಡರೆ, ಮನೆಯ ಎತ್ತು ಕಾರಣವಿಲ್ಲದೆ ಕುಂಟಿದರೆ, ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ದಾಟಿದ್ದರೆ ಕುಡಿಯಬೇಡಿ. ಕಾಯಿಸಿದರೂ ಅದು ಹೋಗುವುದಿಲ್ಲ.