ಮಂಗನ ಕಾಯಿಲೆ: ವೈರಸ್ ಸಿಕ್ಕಿತು, ಮದ್ದು ಸಿಗಲಿಲ್ಲ

ಇವತ್ತಿನ ಕಥೆ ಮಲೆನಾಡಿನದು. ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಆದರೂ ಒಂದು ಪ್ರಶ್ನೆ ನನ್ನ ಬಿಡಲಿಲ್ಲ: ವೈರಸ್ ಪತ್ತೆಯಾಗಿ ಅರವತ್ತು ವರ್ಷ ದಾಟಿದೆ, ಹಾಗಿದ್ರೆ ಮಂಗನ ಕಾಯಿಲೆಯ ರೋಗಿಯನ್ನ ಉಳಿಸೋದು ಏನು?

1957. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಊರಿನವರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತವರ ತಂಡ ಬಂತು. ಏಷ್ಯಾದಲ್ಲಿ ಅದುವರೆಗೆ ಕಾಣದ ಹಳದಿ ಜ್ವರ ಇರಬಹುದಾ ಅನ್ನೋದು ಮೊದಲ ಭಯ. ಅದಲ್ಲ, ಇದು ಬೇರೆಯೇ ವೈರಸ್ ಅಂತ ಅದೇ ವರ್ಷ ಗೊತ್ತಾಯ್ತು. ಹರಡೋದು ಉಣುಗು. ದರಗು ಗುಡಿಸೋಕೆ, ಸೊಪ್ಪು ತರೋಕೆ ಕಾಡಿಗೆ ಹೋದವರಿಗೆ ಅದು ಕಚ್ಚುತ್ತೆ.

ಪತ್ತೆ ಬೇಗ ಆಯ್ತು. ಆದರೆ ಈ ವೈರಸ್ಸನ್ನೇ ಕೊಲ್ಲೋ ಔಷಧಿ ಇವತ್ತಿಗೂ ಇಲ್ಲ. ಹಳೆಯ ಲಸಿಕೆಯೂ 2022ರಲ್ಲಿ ನಿಂತುಹೋಯ್ತು.

ಹಾಗಾದ್ರೆ ಆಸ್ಪತ್ರೆ ಮಾಡೋದೇನು? ಜ್ವರ ಜೋರಾದಾಗ ರಕ್ತದಲ್ಲಿ ಪ್ಲೇಟ್‌ಲೆಟ್, ಬಿಳಿ ರಕ್ತಕಣ ಎರಡೂ ಇಳಿಯುತ್ತವೆ. ಲಿವರ್‌ಗೆ ಪೆಟ್ಟು ಬೀಳುತ್ತೆ. ಕೆಲವರಿಗೆ ಮೂಗು, ವಸಡು, ಹೊಟ್ಟೆಯಲ್ಲಿ ರಕ್ತಸ್ರಾವ. ಬಿಪಿ ಕುಸಿದರೆ ಕಿಡ್ನಿಗೆ ರಕ್ತ ಸಾಲಲ್ಲ. ಆಗ ಡಾಕ್ಟರು ಡ್ರಿಪ್, ರಕ್ತ, ಪ್ಲೇಟ್‌ಲೆಟ್, ಬೇಕಾದ್ರೆ ವೆಂಟಿಲೇಟರ್ ಕೊಟ್ಟು ಒಂದೊಂದು ಅಂಗವನ್ನೂ ಕಾಯ್ತಾರೆ. ದೇಹ ತಾನೇ ವೈರಸ್ಸನ್ನ ಸೋಲಿಸೋವರೆಗೆ ಟೈಮ್ ಗಳಿಸಿಕೊಡೋದೇ ಚಿಕಿತ್ಸೆ. ಜ್ವರ ಬಿಟ್ಟ ಮೇಲೂ ನಿಶ್ಚಿಂತೆ ಇಲ್ಲ: ಒಂದೆರಡು ವಾರದಲ್ಲಿ ಕೆಲವರಿಗೆ ಅದು ಮರುಕಳಿಸಿ, ತಲೆನೋವು, ನಡುಕ, ಗೊಂದಲ ಶುರುವಾಗುತ್ತೆ.

ಇಲ್ಲೇ ಇತಿಹಾಸಕ್ಕೆ ಭೂಗೋಳ ಸೇರಿಕೊಳ್ಳೋದು. 2018-19ರಲ್ಲಿ ಸಾಗರದ ಅರಳಗೋಡು ಭಾಗದಲ್ಲಿ ಕಾಯಿಲೆ ಜೋರಾದಾಗ, ಸೀರಿಯಸ್ ಆದವರನ್ನ ಸಾಗಿಸಿದ್ದು ಘಟ್ಟದ ಕೆಳಗಿನ ಮಣಿಪಾಲಕ್ಕೆ. ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿ, ಹೊಸನಗರದವರಿಗೆ ಹುಲಿಕಲ್ ಘಾಟಿ. ರಕ್ತ ಸೋರ್ತಾ ಇರೋ ರೋಗಿಗೆ ಆ ತಿರುವುಗಳಲ್ಲಿ ಕಳೆಯೋ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತೆ.

ಹೊಸ ಲಸಿಕೆಯ ಕೆಲಸ ನಡೀತಿದೆ, ಬರಲಿ. ಆದರೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಐಸಿಯು ಬೆಡ್ ಎಷ್ಟಿದೆ, ಪ್ಲೇಟ್‌ಲೆಟ್ ಎಲ್ಲಿಂದ ಬರುತ್ತೆ ಅಂತ ಕೇಳೋಕೆ ಲಸಿಕೆವರೆಗೂ ಕಾಯಬೇಕಿಲ್ಲ. ಕಾಡಿಗೆ ಹೋಗಿಬಂದ ಮನೆಯವರಿಗೆ ಜ್ವರ ಬಂದ್ರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿಸಿ ಸುಮ್ಮನಾಗಬೇಡಿ, ಅದೇ ದಿನ ಪಿಎಚ್‌ಸಿಗೆ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮುಂದಿನ ಎಪಿಸೋಡಲ್ಲಿ ಸಿಗೋಣ.