ಐದು ಗರ್ಭಗುಡಿ, ಐದು ಗ್ಯಾರಂಟಿ: ಆ 2,000 ಎಲ್ಲಿಂದ ಬರ್ತದೆ?

1/6
ಫೋಟೊದಲ್ಲಿರೋದು ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ. ಒಂದೇ ಸಾಲಲ್ಲಿ ಐದು ಗರ್ಭಗುಡಿ, ಐದು ಲಿಂಗ. 13ನೇ ಶತಮಾನದ ಹೊಯ್ಸಳರ ಗುಡಿ, ರೂವಾರಿ ಮಲ್ಲಿತಮ್ಮನ ಕೈಕೆಲಸ. ಬಂದೋರೆಲ್ಲ ಶಿಲ್ಪ ನೋಡ್ತಾರೆ, ಫೋಟೊ ತಗೋತಾರೆ. "ಇದರ ಖರ್ಚು ಯಾರು ಕೊಟ್ರು?" ಅಂತ ಕೇಳೋರು ಕಮ್ಮಿ.

ಹೊಯ್ಸಳರ ಕಾಲದ ಶಾಸನಗಳಲ್ಲಿ ಅದಕ್ಕೆ ಉತ್ತರ ಇದೆ. ಸಿದ್ಧಾಯ ಅಂದ್ರೆ ಊರಿನ ಭೂಮಿಗೆ ನಿಗದಿಯಾದ ಕಂದಾಯ. ಎಣ್ಣೆ ಗಾಣಕ್ಕೆ ಗಾಣದೆರೆ, ಮಗ್ಗಕ್ಕೆ ಮಗ್ಗದೆರೆ, ಸಾಗೋ ಸರಕಿಗೆ ಸುಂಕ. ದೇವರ ದೀಪದ ಎಣ್ಣೆಗೆ ಗಾಣದ ಆದಾಯ ಬಿಟ್ಟುಕೊಡೋರು, ಪೂಜೆಗೆ ಗದ್ದೆ ದತ್ತಿ ಕೊಡೋರು. ದುಡ್ಡು ಎಲ್ಲಿಂದ ಬಂತು, ಯಾವುದಕ್ಕೆ ಹೋಯ್ತು ಅನ್ನೋದು ಒಂದೇ ಕಲ್ಲಲ್ಲಿ ಇರ್ತಿತ್ತು. ಗಾಣ ತಿರುಗಿಸಿದವನ ಬೆವರೂ ಆ ದೀಪದಲ್ಲಿ ಉರೀತಿತ್ತು ಅನ್ನೋದನ್ನ ಮಾತ್ರ ಯಾರೂ ಕೆತ್ತಲಿಲ್ಲ.

2/6
ಈಗ ನಮ್ಮ ಕಾಲಕ್ಕೆ ಬನ್ನಿ. 2023ರ ಆಗಸ್ಟ್ 30ರಂದು ಮೈಸೂರಲ್ಲಿ ಗೃಹಲಕ್ಷ್ಮಿ ಶುರುವಾಯ್ತು. ಮನೆ ಯಜಮಾನಿಯ ಖಾತೆಗೆ ತಿಂಗಳಿಗೆ 2,000. ನಿಮ್ಮಮ್ಮನ ಫೋನಿಗೂ ಆ ಮೆಸೇಜ್ ಬಂದಿರಬೇಕು.

ಇದು "ಸಾರ್ವತ್ರಿಕ ಮೂಲ ಆದಾಯ" ಅಲ್ಲ. ಮೂಲ ಆದಾಯ ಅಂದ್ರೆ ಬಡವ ಬಲ್ಲಿದ ಅನ್ನದೆ, ಷರತ್ತು ಹಾಕದೆ, ಪ್ರತಿಯೊಬ್ಬರಿಗೂ ನಗದು ಕೊಡೋದು. ಗೃಹಲಕ್ಷ್ಮಿ ಮನೆಗೊಬ್ಬರಿಗೆ ಮಾತ್ರ. ಆದಾಯ ತೆರಿಗೆ ಕಟ್ಟೋ ಮನೆಗೆ ಇಲ್ಲ. ಆದ್ರೂ ಇಷ್ಟು ದೊಡ್ಡ ಸಂಖ್ಯೆಯ ಜನಕ್ಕೆ, ಇದಕ್ಕೇ ಖರ್ಚು ಮಾಡಿ ಅಂತ ಹೇಳದೆ ಪ್ರತಿ ತಿಂಗಳು ನಗದು ಕೊಡೋ ಯೋಜನೆ ಅಂದ್ರೆ, ಆ ಕನಸಿಗೆ ನಮ್ಮ ಹತ್ತಿರದ ಉದಾಹರಣೆ ಇದೇ.

3/6
ಸ್ವಲ್ಪ ಲೆಕ್ಕ ಮಾಡೋಣ, ಕಷ್ಟ ಏನಿಲ್ಲ.

2024-25ರ ಬಜೆಟ್‌ನಲ್ಲಿ ಗೃಹಲಕ್ಷ್ಮಿಗೆ ಇಟ್ಟಿದ್ದು 28,608 ಕೋಟಿ. ಐದೂ ಗ್ಯಾರಂಟಿ ಸೇರಿ ಸುಮಾರು 52,000 ಕೋಟಿ. ಒಟ್ಟು ಬಜೆಟ್ 3,71,383 ಕೋಟಿ. ಅಂದ್ರೆ ನೂರು ರೂಪಾಯಲ್ಲಿ 14 ರೂಪಾಯಿ ಗ್ಯಾರಂಟಿಗೆ.

ಇದೇ 2,000ವನ್ನ ಮನೆಗೊಬ್ಬರಿಗೆ ಬದಲು ಎಲ್ಲರಿಗೂ ಕೊಟ್ರೆ? 2011ರ ಜನಗಣತಿ ಪ್ರಕಾರ ನಾವು 6.11 ಕೋಟಿ. ತಲೆಗೆ ವರ್ಷಕ್ಕೆ 24,000. ಗುಣಿಸಿ: 1,46,640 ಕೋಟಿ. ಹಳೇ ಜನಸಂಖ್ಯೆ ಹಿಡಿದ್ರೂ ನೂರಕ್ಕೆ ಸುಮಾರು 40 ರೂಪಾಯಿ ಇದೊಂದಕ್ಕೇ. ಉಳಿದ 60ರಲ್ಲಿ ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿ, ಸಂಬಳ, ಪಿಂಚಣಿ, ಹಳೇ ಸಾಲದ ಬಡ್ಡಿ ಎಲ್ಲ ನಡೀಬೇಕು. "ಕೊಡಬೇಕಾ ಬೇಡ್ವಾ" ಅನ್ನೋ ಜಗಳಕ್ಕಿಂತ ಮುಂಚೆ ಈ ಗುಣಾಕಾರ ಗೊತ್ತಿರಲಿ.

4/6
ಸರಿ, ರಾಜ್ಯ ಎಲ್ಲಿಂದ ತಂತು?

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಬಹುತೇಕ ವಸ್ತುಗಳ ತೆರಿಗೆ ದರವನ್ನ ರಾಜ್ಯ ಒಂದೇ ಏರಿಸೋಕಾಗಲ್ಲ. ಕೈಯಲ್ಲಿ ಉಳಿದಿದ್ದು ಕೆಲವೇ: ಮದ್ಯ, ಪೆಟ್ರೋಲ್-ಡೀಸೆಲ್, ಜಮೀನು-ಮನೆ ನೋಂದಣಿ, ವಾಹನ ತೆರಿಗೆ. ನೋಡಿ, ಏರಿದ್ದೂ ಅವೇ. 2023ರ ಜುಲೈ ಬಜೆಟ್‌ನಲ್ಲಿ ಮದ್ಯದ ಸುಂಕ ಶೇ 20 ಹೆಚ್ಚಾಯ್ತು. ಅದೇ ಅಕ್ಟೋಬರ್‌ನಲ್ಲಿ ಆಸ್ತಿಯ ಮಾರ್ಗಸೂಚಿ ದರ ಏರಿತು. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84 ಆಯ್ತು, ಲೀಟರ್‌ಗೆ ಸುಮಾರು 3 ರೂಪಾಯಿ ಜಾಸ್ತಿ. ಸಾಕಾಗದ್ದಕ್ಕೆ ಸಾಲ: 2024-25ಕ್ಕೆ ಅಂದಾಜು 1,05,246 ಕೋಟಿ. ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಯಿಂದ 14,000 ಕೋಟಿಗೂ ಹೆಚ್ಚು ಹಣ ಗ್ಯಾರಂಟಿಗೆ ಹೋದಾಗ ದೊಡ್ಡ ಗಲಾಟೆನೇ ಆಯ್ತು. ಫಲಾನುಭವಿಗಳಲ್ಲಿ ಅವರೂ ಇದ್ದಾರೆ ಅಂತ ಸರ್ಕಾರ, ಎಲ್ಲರಿಗೂ ಸಿಗೋದನ್ನ ನಮ್ಮ ಪಾಲಿನಿಂದ ಯಾಕೆ ಕೊಡ್ತೀರಿ ಅಂತ ದಲಿತ ಸಂಘಟನೆಗಳು.

5/6
ಈ ಪಟ್ಟಿಯಲ್ಲಿ ನನಗೆ ಚುಚ್ಚೋದು ಮದ್ಯ. 2024-25ರ ಅಬಕಾರಿ ಗುರಿ 38,525 ಕೋಟಿ. ಗೃಹಲಕ್ಷ್ಮಿಯ ಖರ್ಚಿಗಿಂತ ಜಾಸ್ತಿ! ಬಾರ್‌ನಲ್ಲಿ ಅಪ್ಪ ಕೊಟ್ಟಿದ್ದು ಅಮ್ಮನ ಖಾತೆಗೆ ವಾಪಸ್ ಬಂತು ಅಂತ ಎಷ್ಟು ಮನೆಯಲ್ಲಿ ಹೇಳಬಹುದೋ ಯೋಚಿಸಿ. ಎಲ್ಲ ತೆರಿಗೆಯೂ ಒಂದೇ ಬೊಕ್ಕಸಕ್ಕೆ ಬೀಳೋದ್ರಿಂದ, ಗಾಣದೆರೆ ಥರ ಈ ದುಡ್ಡು ಇದಕ್ಕೇ ಅಂತ ಬೆರಳಿಟ್ಟು ತೋರಿಸೋಕಾಗಲ್ಲ.

ಇದು ಒಂದು ಪಕ್ಷದ ಕಥೆನೂ ಅಲ್ಲ. ಹೆಣ್ಣುಮಕ್ಕಳ ಹೆಸರಲ್ಲಿ ಠೇವಣಿ ಇಡೋ ಭಾಗ್ಯಲಕ್ಷ್ಮಿ ಬಂದಾಗ ಹಣಕಾಸು ಖಾತೆ ಇದ್ದಿದ್ದು ನಮ್ಮ ತಾಲ್ಲೂಕಿನ ಬೂಕನಕೆರೆಯ ಬಿ.ಎಸ್. ಯಡಿಯೂರಪ್ಪನವರ ಹತ್ರ. 2007ರ ಜುಲೈ 1ಕ್ಕೆ ಸಾರಾಯಿ ನಿಷೇಧ ಆದಾಗಲೂ ಅವರೇ. ಸಾರಾಯಿ ಹೋಯ್ತು, ಅಬಕಾರಿ ಆದಾಯ ಹೋಗ್ಲಿಲ್ಲ. ಬಾಟಲಿ ಮದ್ಯಕ್ಕೆ ವರ್ಗ ಆಯ್ತು ಅಷ್ಟೆ.

6/6
ಬೇರೆ ದಾರಿ ಇಲ್ವಾ? ಇದೆ.

1797ರಲ್ಲೇ ಥಾಮಸ್ ಪೇನ್ ಹೇಳಿದ್ದ: ಭೂಮಿ ಮೂಲತಃ ಎಲ್ಲರದ್ದು, ಆಸ್ತಿ ವಾರಸುದಾರರಿಗೆ ಹೋಗುವಾಗ ಒಂದು ಪಾಲು ತೆಗೀರಿ, 21 ತುಂಬಿದವರಿಗೆಲ್ಲ 15 ಪೌಂಡ್ ಕೊಡಿ. ಅಮೆರಿಕದ ಅಲಾಸ್ಕ 1976ರಲ್ಲಿ ತೈಲದ ರಾಯಲ್ಟಿಯ ಒಂದು ಭಾಗವನ್ನ ನಿಧಿಯಾಗಿ ಕೂಡಿಡೋಕೆ ಶುರು ಮಾಡ್ತು. 1982ರಲ್ಲಿ ಪ್ರತಿ ನಿವಾಸಿಗೂ 1,000 ಡಾಲರ್ ಹಂಚಿತು, ಇವತ್ತಿಗೂ ಪ್ರತಿವರ್ಷ ಹಂಚ್ತದೆ. ನಮ್ಮ ಕೇಂದ್ರದ 2016-17ರ ಆರ್ಥಿಕ ಸಮೀಕ್ಷೆ, ಈಗಿರೋ ಯೋಜನೆಗಳ ಬದಲಿಗೆ ವರ್ಷಕ್ಕೆ ತಲೆಗೆ 7,620 ರೂಪಾಯಿ ಕೊಡೋ ಲೆಕ್ಕ ಹಾಕಿತ್ತು.

ಅಲಾಸ್ಕ ಓದಿದಾಗೆಲ್ಲ ನನಗೆ ಕೆಜಿಎಫ್ ನೆನಪಾಗ್ತದೆ. 1902ರಲ್ಲಿ ನಮ್ಮ ಜಿಲ್ಲೆಯ ಶಿವನಸಮುದ್ರದಿಂದ ಕರೆಂಟ್ ಹೋಗಿದ್ದೇ ಆ ಗಣಿಗೆ. ಮೈಸೂರು ಸಂಸ್ಥಾನಕ್ಕೆ ರಾಯಲ್ಟಿ ಬಂತು, ಖರ್ಚೂ ಆಯ್ತು. 2001ರಲ್ಲಿ ಗಣಿ ಮುಚ್ಚಿತು. ಮೊಮ್ಮಕ್ಕಳಿಗೆ ಹಂಚೋಕೆ ನಿಧಿ ಅಂತ ಒಂದು ಉಳೀಲಿಲ್ಲ.

ಹಾಗಾಗಿ ಮುಂದಿನ ಸಲ ಯಾರಾದ್ರೂ "ಬಿಟ್ಟಿ ಭಾಗ್ಯ" ಅಂದ್ರೆ ಸುಮ್ನೆ ಜಗಳಕ್ಕೆ ನಿಲ್ಲಬೇಡಿ. ಅಮ್ಮನಿಗೆ ಬಂದ 2,000ದಲ್ಲಿ ಅವರು ಹಾಕಿಸಿದ ಪೆಟ್ರೋಲೂ ಇದೆ, ನಿಮ್ಮ ಟಿವಿಎಸ್‌ಗೆ ಹಾಕಿಸಿದ್ದೂ ಇದೆ. ಯಾರೂ ಬಿಟ್ಟಿ ಕೊಟ್ಟಿಲ್ಲ. ಹಾಗೆಯೇ ಓಟಿನ ಹೊತ್ತಲ್ಲಿ ಯಾರಾದ್ರೂ 3,000, 5,000 ಅಂತ ಕೂಗಿದ್ರೆ ಚಪ್ಪಾಳೆಗೆ ಮುಂಚೆ ಒಂದೇ ಮಾತು ಕೇಳಿ: ಯಾರ ಗಾಣದಿಂದ?

ನಿಮ್ಮನೇಲಿ ಆ ದುಡ್ಡು ಯಾವುದಕ್ಕೆ ಹೋಗ್ತದೆ? ಅಮ್ಮನ್ನ ಕೇಳಿ, ಕಾಮೆಂಟಲ್ಲಿ ಬರೀರಿ.

#ನಮ್ಮೂರಚರಿತ್ರೆ #ಗೋವಿಂದನಹಳ್ಳಿ #ಕೆಆರ್‌ಪೇಟೆ #ಗೃಹಲಕ್ಷ್ಮಿ